ಹತ್ತು ದಿನಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಕರ್ತನಲ್ಲಿ ವಂದನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಹೊರದೇಶದಲ್ಲಿ ನಮ್ಮ ಚರ್ಚಿನ ಜೊತೆಗಾರರಾದ ಸಹಭಾಗಿ ಸಭೆಯವರನ್ನು ನೋಡಿಬರಲು ಹೊರಟ ತಂಡದಲ್ಲಿ ನಿನ್ನ ಹೆಸರೂ ಇದೆ ಅಂತ ತಿಳಿದು ಮನಸ್ಸು ತುಂಬಿಬಂತು. ಆದರೆ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ವಾರವಾದರೂ ಉತ್ತರ ಬರೆಯಲಾಗಲಿಲ್ಲ. “ಅಮ್ಮಾ, ಹತ್ತು ದಿನಕ್ಕೋಸ್ಕರ ಇಷ್ಟು ಜನರ ವಿಮಾನದ ಖರ್ಚು. ಆ ದುಡ್ಡನ್ನೇ ಅವರಿಗೆ ಕಳಿಸಿಬಿಟ್ಟರೆ ಆಗುವುದಿಲ್ಲವಾ?”

ಕೆಲಸದ ಲೆಕ್ಕ ಹಿಡಿದರೆ ನಿನ್ನ ಮಾತೇ ಸರಿ. 1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸನ್ನು ಹಾಳುಗೆಡವಿದ ಮೇಲೆ ಉತ್ತರ ಅಮೆರಿಕದಿಂದ ಎಷ್ಟೋ ತಂಡಗಳು ಅಲ್ಲಿಗೆ ಮನೆ ಕಟ್ಟಲು ಹೋದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಆಮೇಲೆ ಆ ಮನೆಗಳಲ್ಲಿ ಇದ್ದವರನ್ನೂ ಕಟ್ಟಿಬಂದವರನ್ನೂ ವಿಚಾರಿಸಿದರು. ಹೊರದೇಶದವರು ಕಟ್ಟಿದ್ದಕ್ಕೂ ಅಲ್ಲಿನವರೇ ಕಟ್ಟಿದ್ದಕ್ಕೂ ಮನೆಯವರ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ಕಾಣಿಕೆ, ಪ್ರಾರ್ಥನೆಗಳಲ್ಲೂ ಉಳಿಯುವಂಥ ಬದಲಾವಣೆ ಕಡಿಮೆಯೇ. ಇದನ್ನು ನಿನ್ನಿಂದ ಮುಚ್ಚಿಟ್ಟು ‘ಹೋಗು’ ಅನ್ನುವುದು ನನಗೆ ಸರಿಕಾಣಲಿಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಹೋಗಿದ್ದೆ, ಗೊತ್ತಲ್ಲ. ಒಂದು ಸಭೆಯ ಸಂಡೇ ಸ್ಕೂಲ್ ಕೋಣೆಗೆ ಬಣ್ಣ ಹಚ್ಚುವುದು ನಮ್ಮ ಕೆಲಸ. ನಮ್ಮಲ್ಲಿ ಯಾರಿಗೂ ಬ್ರಷ್ ಹಿಡಿದು ಅಭ್ಯಾಸವಿರಲಿಲ್ಲ. ಆ ಊರಿನ ಇಬ್ಬರು ಹುಡುಗರು, ಅದೇ ಕಸುಬು ಮಾಡಿ ಬದುಕುವವರು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಬ್ಬ ನಗುನಗುತ್ತಾ ನನ್ನ ಕೈಯಿಂದ ಬ್ರಷ್ ತೆಗೆದುಕೊಂಡು ಮೂಲೆಯನ್ನು ನೇರಮಾಡಿ ವಾಪಸು ಕೊಟ್ಟ. ಅವರ ದಿನಗೂಲಿಯನ್ನು ನಾವು ಕಿತ್ತುಕೊಂಡೆವು ಅನ್ನುವುದು ನನಗೆ ಹೊಳೆದದ್ದು ಊರಿಗೆ ಮರಳಿದ ಮೇಲೆ.

ಆದರೆ ನನ್ನನ್ನು ಮನೆಯಲ್ಲಿ ಇರಿಸಿಕೊಂಡ ಅಜ್ಜಿಯ ಮಾತೇ ಬೇರೆ. ವಿಧವೆ, ಒಂಟಿ. ನಮ್ಮಿಬ್ಬರಿಗೂ ಗೊತ್ತಿದ್ದ ಪದಗಳೆಂದರೆ ಹಲ್ಲೆಲೂಯ, ಆಮೆನ್, ಮತ್ತೆ ನಮ್ಮ ನಮ್ಮ ಹೆಸರು. ಪ್ರತಿ ರಾತ್ರಿ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದರು. ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ, ನಡುನಡುವೆ ನನ್ನ ಹೆಸರು ಮಾತ್ರ ಕೇಳಿಸುತ್ತಿತ್ತು. ಒಂಬತ್ತು ವರ್ಷವಾದ ಮೇಲೆ ಆ ಸಭೆಯ ಪಾಸ್ಟರ್ ನಮ್ಮಲ್ಲಿಗೆ ಬಂದರು. ನನ್ನ ಹೆಸರು ಕೇಳಿದವರೇ ಬೆರಗಾಗಿ ನಿಂತುಬಿಟ್ಟರು. “ನೀವೇನಾ? ಬುಧವಾರದ ಕೂಟದಲ್ಲಿ ಆ ತಾಯಿ ಇವತ್ತಿಗೂ ನಿಮ್ಮ ಹೆಸರು ಹೇಳಿ ಪ್ರಾರ್ಥಿಸುತ್ತಾರೆ.” ಆಗ ನೀನು ನನ್ನ ಹೊಟ್ಟೆಯಲ್ಲಿದ್ದೆ. ನಾನು ಹಚ್ಚಿದ ಬಣ್ಣ ಅಷ್ಟರಲ್ಲಿ ಉದುರಿ, ಬೇರೆಯವರು ಬೇರೆ ಬಣ್ಣ ಹಚ್ಚಿದ್ದರಂತೆ.

1910ರಲ್ಲಿ ಎಡಿನ್‌ಬರೋದಲ್ಲಿ ಜಗತ್ತಿನ ಪ್ರೊಟೆಸ್ಟೆಂಟ್ ಕ್ರೈಸ್ತ ಮಿಷನ್‌ಗಳ ದೊಡ್ಡ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಬಹಳ ಕಡಿಮೆ. ಅವರಲ್ಲೊಬ್ಬರಾದ ವಿ. ಎಸ್. ಅಜರಯ್ಯನವರು, ಎರಡು ವರ್ಷದ ನಂತರ ತೆಲುಗು ನಾಡಿನ ದೋರ್ನಕಲ್ಲಿನ ಬಿಷಪ್ ಆದವರು, ಅಷ್ಟು ಜನ ಮಿಷನರಿಗಳ ಎದುರು ಎದ್ದು ನಿಂತು ಹೇಳಿದರು: ನಿಮ್ಮ ಸೊತ್ತನ್ನು ಬಡವರಿಗೆ ಕೊಟ್ಟಿದ್ದೀರಿ, ನಿಮ್ಮ ದೇಹವನ್ನು ಸುಡುವುದಕ್ಕೂ ಒಪ್ಪಿಸಿದ್ದೀರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಸ್ನೇಹಿತರನ್ನು ಕೊಡಿ. ಎಷ್ಟು ಧೈರ್ಯ ಬೇಕು ಆ ಮಾತಿಗೆ! ನಿನ್ನ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲೇ ಇದೆ. ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು, ಸ್ನೇಹಕ್ಕೆ ಮಾತ್ರ ಒಬ್ಬರು ಎದ್ದು ಹೋಗಲೇಬೇಕು.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳ ಹನ್ನೊಂದನೆಯ ಅಧ್ಯಾಯವನ್ನು ಹೊರಡುವ ಮುಂಚೆ ಓದು. ಯೆರೂಸಲೇಮಿನ ಸಭೆ ಬಾರ್ನಬನನ್ನು ಅಂತಿಯೋಕ್ಯದ ಹೊಸ ಸಭೆಗೆ ಕಳಿಸುತ್ತದೆ. ಅಲ್ಲಿ ದೇವರ ಕೃಪೆಯನ್ನು ಕಂಡು ಅವನು ಸಂತೋಷಪಟ್ಟ ಅಂತ ಬರೆದಿದೆ. ಅವನು ಮೊದಲು ಮಾಡಿದ್ದು ಅದನ್ನೇ: ನೋಡಿದ, ಸಂತೋಷಪಟ್ಟ. ಅದೇ ಅಧ್ಯಾಯದ ಕೊನೆಗೆ ಬರಗಾಲದ ಸುದ್ದಿ ಬಂದಾಗ, ಆ ಹೊಸ ಸಭೆಯೇ ಯೂದಾಯದವರಿಗೆ ಸಹಾಯ ಕಳಿಸುತ್ತದೆ, ಅದೂ ಬಾರ್ನಬ ಮತ್ತು ಸೌಲರ (ಪೌಲನಿಗೆ ಇದ್ದ ಇನ್ನೊಂದು ಹೆಸರು) ಕೈಯಲ್ಲಿ. ಭೇಟಿ ಮೊದಲು, ಹಣ ಆಮೇಲೆ. ಹಣ ಹೋದದ್ದು ಕೂಡ ಗುರುತಿದ್ದವರ ಕೈಯಿಂದ. ರೋಮಾಪುರದವರನ್ನು ಇನ್ನೂ ಕಂಡಿರದ ಪೌಲನೂ, ನಿಮ್ಮ ನಂಬಿಕೆಯಿಂದ ನನಗೆ, ನನ್ನ ನಂಬಿಕೆಯಿಂದ ನಿಮಗೆ ಧೈರ್ಯ ಬರಲಿ ಅಂತಲೇ ಬರೆದ. ಬರೀ ಕೊಟ್ಟುಬರಲು ಅವನು ಹೊರಟಿರಲಿಲ್ಲ.

ಹಾಗಾಗಿ ಅಲ್ಲಿ ಯಾವ ಕೆಲಸ ಆಗಬೇಕು ಅನ್ನುವುದನ್ನು ಆ ಸಭೆಯವರೇ ಹೇಳಲಿ. ಏನೂ ಬೇಡ, ಸುಮ್ಮನೆ ನಮ್ಮ ಜೊತೆ ಇರಿ ಅಂದರೆ ಹಾಗೇ ಇರು, ಬೇಜಾರು ಮಾಡಿಕೊಳ್ಳಬೇಡ. ಕಾಯಿಲೆಯವರ ಮನೆಗೆ ಅವರು ಹೊರಟಾಗ ನೀನೂ ಹೋಗು. ಯೇಸು ಲೂಕನ ಹತ್ತನೆಯ ಅಧ್ಯಾಯದಲ್ಲಿ ಶಿಷ್ಯರಿಗೆ ಹೇಳಿದ ಹಾಗೆ ಮುಂದೆ ಇಟ್ಟದ್ದನ್ನು ಊಟಮಾಡು. ಯಾರಿಗೂ ಗುಟ್ಟಾಗಿ ಹಣದ ಮಾತು ಕೊಡಬೇಡ, ನೀನು ಮರಳಿದ ಮೇಲೆ ಆ ಮಾತಿಗೆ ಅಲ್ಲಿನ ಪಾಸ್ಟರ್ ಉತ್ತರ ಹೇಳಬೇಕಾಗುತ್ತದೆ. ತಂದೆತಾಯಿಯನ್ನು ಕೇಳದೆ ಮಕ್ಕಳ ಫೋಟೋ ತೆಗೆಯಬೇಡ. ಅನಾಥಾಶ್ರಮಕ್ಕೆ ಹೋಗಿ ಒಂದು ಮಧ್ಯಾಹ್ನ ಮಕ್ಕಳನ್ನು ಎತ್ತಿ ಮುದ್ದಾಡಿ ಬರುವ ಕಾರ್ಯಕ್ರಮವಿದ್ದರೆ ಬೇಡ ಅಂತ ತಂಡದವರಿಗೆ ಹೇಳು. ಬಂದವರೆಲ್ಲ ಬಿಟ್ಟುಹೋಗುವುದನ್ನು ನೋಡಿ ನೋಡಿ ಆ ಮಕ್ಕಳ ಮನಸ್ಸು ಮುರಿಯುತ್ತದೆ. ಇದರಲ್ಲಿ ನಾನು ಬಹಳ ಖಂಡಿತ.

ಭಯ ನನಗೂ ಇದೆ, ತಾಯಿಯಲ್ಲವೇ. ಫಿಲಿಪ್ಪಿ ಊರಿನ ಸಭೆಯವರ ಕಾಣಿಕೆ ಹೊತ್ತು ಪೌಲನ ಹತ್ತಿರ ಹೋದ ಎಪಫ್ರೊದೀತ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ. ಊರಿನವರಿಗೆ ಆ ಸುದ್ದಿ ಮುಟ್ಟಿತೆಂದು ಅವನೇ ಕಳವಳಪಟ್ಟನಂತೆ. ಆ ಸಾಲು ಓದಿದಾಗೆಲ್ಲ ನಿನ್ನ ನೆನಪಾಗುತ್ತದೆ. ಲಸಿಕೆ ಹಾಕಿಸಿಕೋ, ಮಾತ್ರೆ ಮರೆಯಬೇಡ.

ಇನ್ನೊಂದು. ಮುಂದಿನ ಸಲವೂ ಇದೇ ಸಭೆಗೆ ಹೋಗಿ, ವರ್ಷಕ್ಕೊಂದು ಹೊಸ ದೇಶ ಬೇಡ ಅಂತ ನಿಮ್ಮ ಸಭೆಯ ಪಾಸ್ಟರ್ ಅಯ್ಯನವರಿಗೆ ನಾನೇ ಬರೆಯುತ್ತೇನೆ. ಅಲ್ಲಿನವರು ನಮ್ಮಲ್ಲಿಗೆ ಬರುವ ಖರ್ಚನ್ನೂ ಈಗಲೇ ತೆಗೆದಿಡಲಿ. ಅವರು ಬಂದಾಗ ನಮ್ಮ ಪುಲ್ಪಿಟ್ಟಿನಲ್ಲಿ ನಿಂತು ಪ್ರಸಂಗ ಮಾಡಲಿ, ನಾವು ಕೂತು ಕೇಳೋಣ.

ನಿನ್ನನ್ನು ಯಾರ ಮನೆಯಲ್ಲಿ ಇರಿಸುತ್ತಾರೋ ಅವರ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿತು, ಬರೆದುಕೊಂಡು ಬಾ. ಬುಧವಾರದ ಕೂಟದಲ್ಲಿ ನಾನು ಆ ಹೆಸರು ಹೇಳಬೇಕು.

ನಿನ್ನ ಅಮ್ಮ