ಪ್ರಮಾಣ ಯಾರ ಹೆಸರಿನಲ್ಲಿ ಎಂಬುದಷ್ಟೇ ಸುದ್ದಿಯೇ?

ಸಚಿವರು ಅಧಿಕಾರ ಸ್ವೀಕರಿಸಿದಾಗಲೆಲ್ಲ ಯಾರ ಹೆಸರಿನಲ್ಲಿ ಪ್ರಮಾಣ ಮಾಡಿದರು ಎಂಬುದೇ ಸುದ್ದಿಯಾಗಿ, ಏನನ್ನು ಒಪ್ಪಿಕೊಂಡರು ಎಂಬುದು ಮರೆಯಾಗುತ್ತಿರುವುದು ಸರಿಯಲ್ಲ. ಸಂವಿಧಾನದ ಮೂರನೇ ಅನುಸೂಚಿಯು ದೇವರ ಹೆಸರಿನಲ್ಲಿ ಪ್ರಮಾಣ ಇಲ್ಲವೇ ಸತ್ಯನಿಷ್ಠೆಯಿಂದ ದೃಢೀಕರಣ ಎಂಬ ಎರಡೇ ಆಯ್ಕೆಗಳನ್ನು ನೀಡಿದ್ದರೂ, ನಮ್ಮಲ್ಲಿ ಮನೆದೇವರಿಂದ ರೈತರವರೆಗೆ ಪಟ್ಟಿ ಬೆಳೆಯುತ್ತಲೇ ಇದೆ. ನಾರಾಯಣ ಗುರುಗಳ ಹೆಸರಿನಲ್ಲಿ ಶಾಸಕರೊಬ್ಬರು ಸ್ವೀಕರಿಸಿದ್ದ ಪ್ರಮಾಣವನ್ನು ಕೇರಳ ಹೈಕೋರ್ಟ್ 2003ರಲ್ಲಿಯೇ ಒಪ್ಪಿರಲಿಲ್ಲ. ಇದಕ್ಕಿಂತ ಮುಖ್ಯವಾದುದು, ಭಯ, ಪಕ್ಷಪಾತ, ರಾಗದ್ವೇಷಗಳಿಲ್ಲದೆ ಎಲ್ಲರಿಗೂ ನ್ಯಾಯ ಒದಗಿಸುವೆನೆಂಬ ಮಾತು. ವರ್ಗಾವಣೆಗೂ ಅನುದಾನಕ್ಕೂ ಜಾತಿ, ಕ್ಷೇತ್ರ ನೋಡುವವರು (ಅಂಥವರು ಅಪರೂಪವೇನಲ್ಲ) ಮುರಿಯುವುದು ಇದನ್ನೇ. ಪ್ರಮಾಣವಚನದ ಪೂರ್ಣ ಕನ್ನಡ ಪಾಠವನ್ನು ಆಯಾ ಸಚಿವರ ಸಹಿಯೊಂದಿಗೆ, ಅಹವಾಲು ತರುವವರು ಕಾದು ಕೂರುವ ಕೊಠಡಿಯಲ್ಲಿಯೇ ತೂಗುಹಾಕಲು ಸರ್ಕಾರ ಆದೇಶಿಸಲಿ.

– ಓರ್ವ ಓದುಗ, ಶಿವಮೊಗ್ಗ