ಗುಮ್ಮಟವಿಲ್ಲದ ರಿಯಾಕ್ಟರ್: ಕೇಳಬೇಕಾದ್ದು ಬೇರೆಯೇ ಇದೆ

ಮಾನ್ಯ ಸಂಪಾದಕರೇ,

ಹೀಲಿಯಂನಿಂದ ತಂಪಾಗುವ ಅಧಿಕ ತಾಪದ ಅಣು ರಿಯಾಕ್ಟರ್‌ಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನವೂ ಅದಕ್ಕೆ ಬಂದ ಓದುಗರ ಪತ್ರಗಳೂ ಒಂದೇ ಮಾತಿನ ಸುತ್ತ ಗಿರಕಿ ಹೊಡೆದಿವೆ: ಇವುಗಳ ಮೇಲೆ ಕಾಂಕ್ರೀಟ್ ಗುಮ್ಮಟ ಇರುವುದಿಲ್ಲವಂತೆ, ದುಡ್ಡು ಉಳಿಸಲು ಸುರಕ್ಷತೆಯನ್ನೇ ಕೈಬಿಟ್ಟರಂತೆ. ಗುಮ್ಮಟ ಬಿಟ್ಟದ್ದಕ್ಕೆ ಗಟ್ಟಿ ಕಾರಣವಿದೆ. ಅದನ್ನು ಬಿಟ್ಟ ಮೇಲೆ ಬೇರೆ ಕೆಲವನ್ನು ಬಿಗಿಯಾಗಿ ಕೇಳಬೇಕು, ಅವನ್ನು ಯಾರೂ ಕೇಳುತ್ತಿಲ್ಲ ಎಂಬುದೇ ನನ್ನ ತಕರಾರು.

ಮಾಮೂಲಿ ಒತ್ತಡ-ನೀರಿನ ರಿಯಾಕ್ಟರ್‌ನಲ್ಲಿ ನೀರು ಸುಮಾರು 155 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಒತ್ತಡದಲ್ಲಿ, 300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿಯಲ್ಲೂ ಕುದಿಯದೆ ಸುತ್ತುತ್ತಿರುತ್ತದೆ. ಕೊಳವೆ ಒಡೆದರೆ ಆ ನೀರು ಕ್ಷಣದಲ್ಲಿ ಹಬೆಯಾಗಿ ಉಬ್ಬುತ್ತದೆ. ತಂಪು ಸಿಗದಿದ್ದರೆ ಇಂಧನ ಕೆಲವೇ ಗಂಟೆಗಳಲ್ಲಿ ಕರಗಬಹುದು. ಒತ್ತಡವೂ ವಿಕಿರಣವೂ ಬೆನ್ನುಬೆನ್ನಿಗೆ ಬರುವುದರಿಂದ ಗಾಳಿಯಾಡದ ಗುಮ್ಮಟ ಬೇಕೇ ಬೇಕು. ಒಳಗೆ ತಣ್ಣೀರು ಚಿಮುಕಿಸಿದರೆ ಹಬೆ ನೀರಾಗಿ ಒತ್ತಡ ಇಳಿಯುತ್ತದೆ.

ಹೀಲಿಯಂ ಎಷ್ಟು ತಣ್ಣೀರಿಗೂ ಬಗ್ಗುವುದಿಲ್ಲ, ಅನಿಲವಾಗಿಯೇ ಉಳಿಯುತ್ತದೆ. ಚೀನಾದ ಶಿಡಾವೊವಾನ್‌ನಲ್ಲಿ 2023ರ ಡಿಸೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದ ಎಚ್‌ಟಿಆರ್-ಪಿಎಂ ಸ್ಥಾವರವನ್ನೇ ತೆಗೆದುಕೊಳ್ಳಿ. ಅಲ್ಲಿ ಹೀಲಿಯಂ 70 ಬಾರ್ ಒತ್ತಡದಲ್ಲಿರುತ್ತದೆ. ದೊಡ್ಡ ಕೊಳವೆ ಒಡೆದರೆ ಅದು ಬೇಗನೆ ಖಾಲಿಯಾಗುತ್ತದೆ, ಆದರೆ ಇಂಧನದ ಬಿಸಿ ತುತ್ತತುದಿ ಮುಟ್ಟುವುದು ಸುಮಾರು ಒಂದು ದಿನದ ನಂತರ. ಮೊದಲು ಹೊರಬಂದ ಹೀಲಿಯಂ ಅನ್ನು ಗುಮ್ಮಟದಲ್ಲಿ ಕೂಡಿಹಾಕಿದರೆ ಏನಾಗುತ್ತದೆ? ಮರುದಿನ ಇಂಧನದಿಂದ ಸೋರುವ ಸೀಸಿಯಂ ಮುಂತಾದ ವಿಕಿರಣಶೀಲ ವಸ್ತುಗಳನ್ನು ಬಿರುಕುಗಳ ಮೂಲಕ ಹೊರಗೆ ತಳ್ಳಲು ಒತ್ತಡವನ್ನು ನಾವೇ ಕಾಪಿಟ್ಟಂತಾಗುತ್ತದೆ. ಅದಕ್ಕೇ ಮೊದಲ ಹೀಲಿಯಂ ಅನ್ನು ಬೇಕೆಂದೇ ಹೊರಬಿಟ್ಟು, ಆಮೇಲೆ ಕಿಂಡಿ ಮುಚ್ಚಿ, ಉಳಿದದ್ದನ್ನು ಫಿಲ್ಟರ್ ಮೂಲಕ ಸಾಗಿಸುವ ವಿನ್ಯಾಸ. ಅಮೆರಿಕದ ಪರಮಾಣು ನಿಯಂತ್ರಣ ಆಯೋಗವೂ 2018ರಲ್ಲಿ, ಒಂದೇ ಕಟ್ಟಡದ ಬದಲು ಹಲವು ತಡೆಗಳು ಸೇರಿ ವಿಕಿರಣವನ್ನು ಹಿಡಿದಿಡಬಹುದು ಎಂಬ ವಿಚಾರವನ್ನು ಒಪ್ಪಿತು. ಎಲ್ಲರೂ ಹೀಗೇ ಕಟ್ಟಿದ್ದಾರೆ ಎಂದಲ್ಲ. ಜಪಾನಿನ ಎಚ್‌ಟಿಟಿಆರ್ ಎಂಬ ಹೀಲಿಯಂ ರಿಯಾಕ್ಟರ್ ಸುತ್ತ ಉಕ್ಕಿನ ಕವಚ ಇದೆ.

ಹಾಗಾದರೆ ನಿಜವಾದ ತಡೆ ಎಲ್ಲಿದೆ? ಸಾಸಿವೆ ಕಾಳಿಗಿಂತಲೂ ಸಣ್ಣದಾದ ಟ್ರೈಸೋ ಕಣದಲ್ಲಿ. ನಡುವೆ ಅರ್ಧ ಮಿಲಿಮೀಟರ್‌ನ ಯುರೇನಿಯಂ ಆಕ್ಸೈಡ್ ತಿರುಳು. ಅದರ ಸುತ್ತ ಅನಿಲಕ್ಕೆ ಜಾಗ ಕೊಡುವ ಸ್ಪಂಜಿನಂಥ ಇಂಗಾಲದ ಪದರ, ಮೇಲೆ ದಟ್ಟ ಇಂಗಾಲ, ಅದರ ಮೇಲೆ ಬರೀ 35 ಮೈಕ್ರಾನ್ ಸಿಲಿಕಾನ್ ಕಾರ್ಬೈಡ್, ಕೊನೆಗೆ ಮತ್ತೆ ದಟ್ಟ ಇಂಗಾಲ. ಇಂಥ ಸುಮಾರು 12 ಸಾವಿರ ಕಣಗಳನ್ನು ಗ್ರ್ಯಾಫೈಟ್ (ಇಂಗಾಲದ ಒಂದು ರೂಪ) ಪುಡಿಯೊಂದಿಗೆ ಒತ್ತಿದರೆ 60 ಮಿಲಿಮೀಟರ್ ವ್ಯಾಸದ ಒಂದು ಇಂಧನ ಚೆಂಡು. ಶಿಡಾವೊವಾನ್‌ನ ಒಂದೊಂದು ರಿಯಾಕ್ಟರ್‌ನಲ್ಲೂ ಇಂಥ 4.2 ಲಕ್ಷ ಚೆಂಡುಗಳು. ಲೆಕ್ಕ ಹಾಕಿ: 500 ಕೋಟಿ ಕಣಗಳು. ಲಕ್ಷಕ್ಕೆ ಒಂದು ಕಣ ಒಡಕಾಗಿದ್ದರೂ 50 ಸಾವಿರ ತೂತು ಗುಮ್ಮಟಗಳು.

ಆದ್ದರಿಂದ ತಪಾಸಣೆ ಮೊದಲು ಇಂಧನ ಕಾರ್ಖಾನೆಗೆ ಹೋಗಬೇಕು. ಚೆಂಡನ್ನು ಅಚ್ಚಿನಲ್ಲಿ ಒತ್ತುವಾಗ ಕಣಗಳು ಒಂದಕ್ಕೊಂದು ತಾಗಿದರೆ ಕಾರ್ಬೈಡ್ ಪದರ ಸೀಳುತ್ತದೆ. ಅದನ್ನು ತಪ್ಪಿಸಲು ಪ್ರತಿ ಕಣಕ್ಕೂ ಮೊದಲೇ ಗ್ರ್ಯಾಫೈಟ್ ಪುಡಿಯ ಮೇಲಂಗಿ ತೊಡಿಸುತ್ತಾರೆ. ಆ ಮೇಲಂಗಿ ತೆಳುವಾದರೆ ಒಡಕು ಹೆಚ್ಚುತ್ತದೆ. ಪರೀಕ್ಷೆಯ ಕ್ರಮ ಸರಳ: ಚೆಂಡನ್ನು ಗಾಳಿಯಲ್ಲಿ ಸುಟ್ಟು ಹೊರಗಿನ ಇಂಗಾಲವನ್ನೆಲ್ಲ ಕಳೆದು, ಉಳಿದ ಕಣಗಳನ್ನು ನೈಟ್ರಿಕ್ ಆಮ್ಲದಲ್ಲಿ ನೆನೆಸಿ, ಆಮ್ಲದಲ್ಲಿ ಎಷ್ಟು ಯುರೇನಿಯಂ ಕರಗಿದೆ ಎಂದು ಅಳೆಯುತ್ತಾರೆ. ಕಾರ್ಬೈಡ್ ಪದರ ಸರಿಯಿದ್ದರೆ ಆಮ್ಲ ಒಳಗಿಳಿಯದು. ಒಡಕು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ ಎಂದು ಶೇ 95ರ ಭರವಸೆಯಿಂದ ಹೇಳಬೇಕಾದರೆ 3 ಲಕ್ಷ ಕಣಗಳಲ್ಲಿ, ಅಂದರೆ 25 ಚೆಂಡುಗಳಲ್ಲಿ, ಒಂದೂ ಒಡಕು ಸಿಗಬಾರದು. ಎರಡು ಮೂರು ಚೆಂಡು ಸುಟ್ಟು ಕೊಟ್ಟ ಪ್ರಮಾಣಪತ್ರಕ್ಕೆ ಬೆಲೆಯಿಲ್ಲ.

ಶಾಖದ ವಿಷಯ ಚಿಕ್ಕದಾಗಿ. ವಿದಳನ (ಯುರೇನಿಯಂ ಪರಮಾಣು ಒಡೆಯುವುದು) ನಿಂತ ಒಂದು ಗಂಟೆಯ ನಂತರವೂ 250 ಮೆಗಾವಾಟ್ ಶಾಖದ ರಿಯಾಕ್ಟರ್‌ನಲ್ಲಿ ಸುಮಾರು 3 ಮೆಗಾವಾಟ್ ಉಳಿಕೆ ಶಾಖ ಹುಟ್ಟುತ್ತಿರುತ್ತದೆ, ಒಂದು ದಿನದ ನಂತರ 1 ಮೆಗಾವಾಟ್‌ಗಿಂತ ತುಸು ಹೆಚ್ಚು. ಅದು ಚೆಂಡಿನಿಂದ ಚೆಂಡಿಗೆ, ಗ್ರ್ಯಾಫೈಟ್ ಗೋಡೆಗೆ, ಉಕ್ಕಿನ ಪಾತ್ರೆಗೆ, ಅಲ್ಲಿಂದ ಕೋಣೆಯ ಗೋಡೆಯ ನೀರಿನ ಕೊಳವೆಗಳಿಗೆ ಪಂಪಿನ ಹಂಗಿಲ್ಲದೆ ಹೋಗಬೇಕು. ಚೆಂಡುಗಳ ರಾಶಿ 3 ಮೀಟರ್ ಅಗಲ, 11 ಮೀಟರ್ ಎತ್ತರದ ಸಪೂರ ಕಂಬದಂತಿರುವುದು ಇದಕ್ಕೇ. 2023ರಲ್ಲಿ ಶಿಡಾವೊವಾನ್‌ನ ಎರಡೂ ರಿಯಾಕ್ಟರ್‌ಗಳನ್ನು ತಲಾ 200 ಮೆಗಾವಾಟ್‌ನಲ್ಲಿರುವಾಗ ತಂಪು ನಿಲ್ಲಿಸಿ ಪರೀಕ್ಷಿಸಿದರು, ಅವು ತಾವಾಗಿಯೇ ತಣಿದವು. ಒಳ್ಳೆಯ ಫಲಿತಾಂಶವೇ, ಆದರೆ ಹೀಲಿಯಂ ಒತ್ತಡ ಉಳಿದಿದ್ದಾಗಿನದು. ಒತ್ತಡ ಹೋದ ಮೇಲೆ ಅನಿಲದ ಹರಿದಾಟ ಕುಗ್ಗಿ ಇಂಧನ ಇನ್ನೂ ಬಿಸಿಯಾಗುತ್ತದೆ.

ಗ್ರ್ಯಾಫೈಟ್‌ಗೆ ಬೆಂಕಿ ಹತ್ತಿದರೆ ಎಂದು ಒಬ್ಬ ಓದುಗರು ಕೇಳಿದ್ದಾರೆ. ಒಂದು ಕಿಲೋ ಇಂಗಾಲ ಪೂರ್ತಿ ಸುಡಲು ಸುಮಾರು 10 ಘನ ಮೀಟರ್ ಗಾಳಿ ಬೇಕು. 5,000 ಘನ ಮೀಟರ್‌ನ ಮುಚ್ಚಿದ ಕಟ್ಟಡದ ಗಾಳಿಯೆಲ್ಲ ಒಳಹೊಕ್ಕರೂ ಸುಡುವುದು ಅರ್ಧ ಟನ್, ಚೆಂಡುಗಳಲ್ಲೇ ಇರುವ ಗ್ರ್ಯಾಫೈಟ್ ಸುಮಾರು 80 ಟನ್. ಹೊರಗಿನ ಗಾಳಿ ನಿರಂತರ ಬಂದರೆ ಮಾತು ಬೇರೆ. ಮೇಲೊಂದು ಕೆಳಗೊಂದು ತೂತಾದರೆ ರಿಯಾಕ್ಟರ್ ಹೊಗೆಗೂಡಿನಂತೆ ಗಾಳಿ ಎಳೆಯುತ್ತದೆ. ಹೀಗಾಗಿ ಹೀಲಿಯಂ ಹೋದ ಮೇಲೆ ಕಿಂಡಿಯ ಬಾಗಿಲು ಖಚಿತವಾಗಿ ಮುಚ್ಚಿಕೊಳ್ಳುತ್ತದೆಯೇ ಎಂಬುದು ಗೋಡೆಯ ದಪ್ಪಕ್ಕಿಂತ ಮುಖ್ಯ.

ನನ್ನನ್ನು ಕೇಳಿದರೆ ಬೆಂಕಿಗಿಂತ ನೀರು ಮತ್ತು ಧೂಳು ಹೆಚ್ಚು ಚಿಂತೆಯ ಸಂಗತಿಗಳು. ಹೀಲಿಯಂನ ಬಿಸಿಯಿಂದ ಹಬೆ ಮಾಡುವ ಸ್ಟೀಮ್ ಜನರೇಟರ್‌ನ ನೀರು 130 ಬಾರ್ ದಾಟಿದ ಒತ್ತಡದಲ್ಲಿರುತ್ತದೆ, ಹೀಲಿಯಂ 70ರಲ್ಲಿ. ಕೊಳವೆ ಸೋರಿದರೆ ನೀರು ನುಗ್ಗುವುದು ರಿಯಾಕ್ಟರ್ ಕಡೆಗೇ. ಬಿಸಿ ಗ್ರ್ಯಾಫೈಟ್ ಮೇಲೆ ಹಬೆ ಬಿದ್ದರೆ ಜಲಜನಕ ಮತ್ತು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತವೆ, ಎರಡೂ ಉರಿಯುವ ಅನಿಲಗಳು. ಹಬೆ ನ್ಯೂಟ್ರಾನ್‌ಗಳ ವೇಗ ತಗ್ಗಿಸಿ ವಿದಳನಕ್ಕೂ ಕುಮ್ಮಕ್ಕು ಕೊಡುತ್ತದೆ. ಒತ್ತಡ ಏರಿ ಸುರಕ್ಷತಾ ಕವಾಟ ತೆರೆದರೆ ಒಳಗಿನ ಧೂಳನ್ನೂ ತೊಳೆದು ಹೊರಗೆ ಒಯ್ಯುತ್ತದೆ. ಇದು ಬರೀ ಊಹೆಯಲ್ಲ: ಜರ್ಮನಿಯ ಯೂಲಿಷ್‌ನಲ್ಲಿದ್ದ, ಇಂಥದೇ ಇಂಧನ ಚೆಂಡುಗಳ ಎವಿಆರ್ ರಿಯಾಕ್ಟರ್‌ಗೆ 1978ರಲ್ಲಿ ಸುಮಾರು 27 ಟನ್ ನೀರು ನುಗ್ಗಿತ್ತು. ಅಲ್ಲೇ 1986ರಲ್ಲಿ, ಬೇರೆ ಬೇರೆ ಬಿಸಿಗೆ ಕರಗುವ ತಂತಿಗಳಿದ್ದ ಚೆಂಡುಗಳನ್ನು ಹಾಕಿ ನೋಡಿದಾಗ ಒಳಗಿನ ಬಿಸಿ ಲೆಕ್ಕಕ್ಕಿಂತ ಬಹಳ ಹೆಚ್ಚಿತ್ತು. ಕೆಲವು ಚೆಂಡುಗಳಲ್ಲಿ 1,280 ಡಿಗ್ರಿಯ ತಂತಿಯೂ ಕರಗಿತ್ತು. ಸೀಸಿಯಂ, ಸ್ಟ್ರಾನ್ಷಿಯಂ ಸೋರಿ, ಚೆಂಡುಗಳು ಉಜ್ಜಿ ಎದ್ದ ಗ್ರ್ಯಾಫೈಟ್ ಧೂಳಿಗೆ ಅಂಟಿದ್ದವು.

ಮೊದಲ ಹೀಲಿಯಂ ಅನ್ನು ಹೊರಬಿಡಬಹುದು ಎಂಬ ವಾದವೆಲ್ಲ ಅದು ಶುದ್ಧವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಎವಿಆರ್‌ನಂಥ ಧೂಳು ಒಳಗಿದ್ದರೆ ಆ ನಂಬಿಕೆ ಉಳಿಯುವುದಿಲ್ಲ. ಆದ್ದರಿಂದ ಹೀಲಿಯಂನಲ್ಲಿ ಎಷ್ಟು ವಿಕಿರಣಶೀಲ ವಸ್ತು ಸುತ್ತುತ್ತಿದೆ, ಕೊಳವೆಗಳಲ್ಲಿ ಎಷ್ಟು ಧೂಳು ಕೂತಿದೆ ಎಂದು ಕಾಲಕಾಲಕ್ಕೆ ಅಳೆದು ಪ್ರಕಟಿಸಬೇಕು. ಮಿತಿ ದಾಟಿದರೆ ಸ್ಥಾವರ ನಿಲ್ಲಿಸುವ ಷರತ್ತು ಪರವಾನಗಿಯಲ್ಲೇ ಇರಬೇಕು. ಸ್ಟೀಮ್ ಜನರೇಟರ್ ಅನ್ನು ಇಂಧನದ ಮಟ್ಟಕ್ಕಿಂತ ಕೆಳಗಿಡುವುದು, ತೇವಾಂಶ ಕಂಡ ಕೂಡಲೇ ಅದರ ನೀರನ್ನು ಬರಿದು ಮಾಡುವ ಕವಾಟ ಇಡುವುದು ಇವೆಲ್ಲ ಇಂದು ಗೊತ್ತಿರುವ ಉಪಾಯಗಳೇ.

ಲೇಖನದಲ್ಲೊಂದು ತಪ್ಪು ತಿದ್ದಬೇಕು. 1,600 ಡಿಗ್ರಿ ದಾಟಿದರೆ ಇಂಧನ ಕರಗುತ್ತದೆ ಎಂದು ಅಲ್ಲಿದೆ. ಕರಗುವುದಿಲ್ಲ. ಯುರೇನಿಯಂ ಆಕ್ಸೈಡ್ ಕರಗಲು 2,800 ಡಿಗ್ರಿ ಬೇಕು. 1,600 ಎಂಬುದು ಕಾರ್ಬೈಡ್ ಪದರ ಸೀಸಿಯಂ ಅನ್ನು ಚೆನ್ನಾಗಿ ಹಿಡಿದಿಡುತ್ತದೆ ಎಂದು ಪ್ರಯೋಗಗಳಲ್ಲಿ ಕಂಡ ಮಟ್ಟ. ಅದರಾಚೆ ಸೋರಿಕೆ ನಿಧಾನವಾಗಿ ಏರುತ್ತ ಹೋಗುತ್ತದೆ. ಬೆಳ್ಳಿಯ ಒಂದು ಐಸೋಟೋಪ್ ಮಾತ್ರ ಅದಕ್ಕಿಂತ ಕಡಿಮೆ ಬಿಸಿಯಲ್ಲೇ, ಒಡಕಿಲ್ಲದ ಪದರದ ಮೂಲಕವೂ ನುಸುಳಿಬಿಡುತ್ತದೆ.

– ಒಬ್ಬ ಓದುಗ