ವೆಂಡಿಂಗ್ ಮಷಿನ್‌ಗೆ ಜಾಗ ಕೊಡುವವರು ಕಮಿಷನ್ ಒಂದನ್ನೇ ನೋಡದಿರಲಿ

ಮಾನ್ಯ ಸಂಪಾದಕರೇ,

ಸ್ವಂತ ಉದ್ಯೋಗದ ಕುರಿತ ಬರಹಗಳಲ್ಲೂ ಜಾಹೀರಾತುಗಳಲ್ಲೂ ವೆಂಡಿಂಗ್ ಮಷಿನ್ ವ್ಯಾಪಾರವನ್ನು ‘ಒಮ್ಮೆ ಬಂಡವಾಳ ಹಾಕಿದರೆ ಸಾಕು, ಆಮೇಲೆ ಯಂತ್ರವೇ ದುಡಿಯುತ್ತದೆ’ ಎಂಬ ಧಾಟಿಯಲ್ಲಿ ಬಣ್ಣಿಸುವುದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಬೆರಳೆಣಿಕೆಯಷ್ಟು ಯಂತ್ರಗಳನ್ನು ಹಲವು ವರ್ಷಗಳಿಂದ ನಡೆಸಿಕೊಂಡು ಬಂದಿರುವ ನನಗೆ, ಈ ಮಾತನ್ನು ನಂಬಿ ಸಾಲ ಮಾಡಿ ಇಳಿಯುವವರ ಬಗ್ಗೆ ಕಳವಳವಿದೆ. ಇದೇ ಮಾತನ್ನು ನಂಬಿದ ಕಚೇರಿ, ಆಸ್ಪತ್ರೆ, ಕಾರ್ಖಾನೆಗಳ ಆಡಳಿತದವರು ಜಾಗ ಕೊಡುವಾಗ ‘ಯಾರು ಹೆಚ್ಚು ಕಮಿಷನ್ ಕೊಡುತ್ತೀರಿ’ ಎಂದಷ್ಟೇ ಕೇಳಿ ಒಪ್ಪಂದ ಮುಗಿಸುವುದು ಅದಕ್ಕಿಂತ ಹೆಚ್ಚಿನ ಕಳವಳದ ಸಂಗತಿ.

ನಾಣ್ಯದ ಭಾರಕ್ಕೆ ಸನ್ನೆ ಬಾಗಿ ಪವಿತ್ರ ಜಲ ಸುರಿಸುವ ಸಾಧನವೊಂದನ್ನು ಅಲೆಕ್ಸಾಂಡ್ರಿಯಾದ ಹೀರೋ 1ನೇ ಶತಮಾನದಲ್ಲೇ ವಿವರಿಸಿದ್ದಾನೆ. ಅಂದಿನಿಂದ ಇಂದಿನವರೆಗೂ ಈ ವ್ಯಾಪಾರದ ಕರಾರು ಒಂದೇ: ಹಣ ಮೊದಲು, ಸರಕು ಆಮೇಲೆ, ನಡುವೆ ಕೇಳಲು ಯಾರೂ ಇಲ್ಲ. ಈ ಕರಾರು ಒಮ್ಮೆ ಮುರಿದರೆ ಗಿರಾಕಿ ಮತ್ತೆ ಬರುವುದು ಕಷ್ಟ. ಒಂದು ಸಂಜೆ ನಾನು ಸರಕು ತುಂಬಲು ಹೋದಾಗ, ಪಾಳಿ ಮುಗಿಸಿ ಬಂದಿದ್ದ ಮಹಿಳೆಯೊಬ್ಬರು ಯಂತ್ರದ ಗಾಜನ್ನು ಅಂಗೈಯಿಂದ ಎರಡು ಸಲ ತಟ್ಟಿ, ಸರಕನ್ನು ಮುಂದಕ್ಕೆ ತಳ್ಳುವ ತಂತಿ ಸುರುಳಿಯ ತುದಿಯಲ್ಲಿ ನೇತಾಡುತ್ತಿದ್ದ ಪೊಟ್ಟಣವನ್ನು ಒಂದು ಕ್ಷಣ ನೋಡಿ, ಏನೂ ಹೇಳದೆ ಹೊರಟರು. ಹಿಂದೆಯೇ ಓಡಿ ಹಣ ಹಿಂದಿರುಗಿಸಿದೆ. ಆದರೆ ನಾನಿಲ್ಲದ ಹೊತ್ತಿನಲ್ಲಿ ಹೀಗೆ ಎಷ್ಟು ಮಂದಿ ಹೊರಟುಹೋಗಿದ್ದರೋ! ಪೊಟ್ಟಣದ ದಪ್ಪಕ್ಕೂ ಸುರುಳಿಯ ಸುತ್ತುಗಳ ನಡುವಿನ ಅಂತರಕ್ಕೂ ತಾಳೆಯಾಗದಿದ್ದುದೇ ಕಾರಣವಾಗಿತ್ತು. ಮರುದಿನವೇ ಆ ಸುರುಳಿಯನ್ನು ಬದಲಿಸಿದೆ. ಸರಕು ಕೆಳಗೆ ಬಿತ್ತೇ ಇಲ್ಲವೇ ಎಂದು ಗುರುತಿಸಿ, ಬೀಳದಿದ್ದರೆ ಸುರುಳಿಯನ್ನು ಇನ್ನಷ್ಟು ತಿರುಗಿಸುವ ಅಥವಾ ಹಣ ವಾಪಸ್ ಮಾಡುವ ಸೆನ್ಸರ್‌ಗಳು ಇಂದು ಲಭ್ಯವಿವೆ. ಯಂತ್ರ ಕೊಳ್ಳುವವರು ಹೊರಗಿನ ಹೊಳಪಿಗಿಂತ ಮೊದಲು ಇದನ್ನು ವಿಚಾರಿಸಬೇಕು. ಹಳೆಯ ಯಂತ್ರವಾದರೆ ಅದು ಯಂತ್ರವನ್ನೂ ಹಣ ಪಡೆಯುವ ಸಾಧನಗಳನ್ನೂ ಬೆಸೆಯುವ ಎಂಡಿಬಿ ಎಂಬ ಸಂಪರ್ಕ ಮಾನದಂಡಕ್ಕೆ ಹೊಂದುತ್ತದೆಯೇ ಎಂಬುದನ್ನೂ ನೋಡಬೇಕು. ಹೊಂದಿದರೆ ಕಾರ್ಡ್ ರೀಡರನ್ನು ಮುಂದೆ ಸುಲಭವಾಗಿ ಜೋಡಿಸಿಕೊಳ್ಳಬಹುದು.

ಯಂತ್ರದ ಚಾಕರಿ ಅಲ್ಲಿಗೇ ಮುಗಿಯುವುದಿಲ್ಲ. ತಂಪು ಯಂತ್ರದ ಕಂಡೆನ್ಸರ್ ಮೇಲೆ ಧೂಳು ಕಂಬಳಿಯಂತೆ ಕೂತರೆ ಶಾಖ ಹೊರಹೋಗದೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ವಿದ್ಯುತ್ ಬಿಲ್ ಏರುತ್ತದೆ, ಕೊನೆಗೆ ಕಂಪ್ರೆಸರೇ ಕೈಕೊಡುತ್ತದೆ. ಹೀಗಾಗಿ ನನ್ನ ಚೀಲದಲ್ಲಿ ಬೀಗದ ಕೈಗಳ ಜೊತೆ ಒಂದು ಬ್ರಷ್ಷು ಸದಾ ಇರುತ್ತದೆ. ಬಾಗಿಲಿನ ರಬ್ಬರ್ ಪಟ್ಟಿ ಸಡಿಲವಾಗಿದೆಯೇ, ಅವಧಿ ಮುಗಿಯುತ್ತ ಬಂದ ಸರಕು ಹಿಂದೆ ಉಳಿದಿದೆಯೇ, ಯಾವ ಸಾಲು ಎರಡೇ ದಿನಕ್ಕೆ ಖಾಲಿಯಾಗಿ ಯಾವುದು ಹದಿನೈದು ದಿನ ಅಲುಗಾಡದೆ ನಿಂತಿದೆ ಎಂಬುದನ್ನೆಲ್ಲ ಪ್ರತಿ ಭೇಟಿಯಲ್ಲೂ ನೋಡಬೇಕು. ದೂರದಿಂದಲೇ ಮಾರಾಟದ ಲೆಕ್ಕ ತೋರಿಸುವ ಟೆಲಿಮೆಟ್ರಿ ಇದ್ದರೆ ವ್ಯರ್ಥ ಓಡಾಟ ತಪ್ಪುತ್ತದೆ; ಧೂಳು ಒರೆಸಲು ಮಾತ್ರ ಮನುಷ್ಯನೇ ಹೋಗಬೇಕು.

ದೊಡ್ಡ ಕಂಪನಿಗಳು ಸಗಟಾಗಿ ಕೊಂಡು ನಮಗಿಂತ ಕಡಿಮೆ ದರದಲ್ಲಿ ಸರಕು ಪಡೆಯುತ್ತವೆ. ಬೆಲೆಯಲ್ಲಿ ಅವುಗಳ ಜೊತೆ ಸೆಣಸುವುದು ನಮ್ಮಂಥವರಿಗೆ ಕಷ್ಟ. ನಮ್ಮ ಬಲವಿರುವುದು ಹತ್ತಿರದಲ್ಲಿರುವುದರಲ್ಲಿ, ಕರೆದ ದಿನವೇ ಬರುವುದರಲ್ಲಿ, ಆ ಜಾಗದ ಜನ ಏನು ಕೇಳುತ್ತಾರೋ ಅದನ್ನೇ ಮುಂದಿನ ವಾರ ತಂದಿಡುವುದರಲ್ಲಿ. ಕಮಿಷನ್ನಿನ ಹರಾಜು ಈ ಬಲವನ್ನೇ ಕಿತ್ತುಕೊಳ್ಳುತ್ತದೆ. ಉದಾಹರಣೆಗೆ, ನೂರರ ಮಾರಾಟದಲ್ಲಿ ಸರಕಿಗೆ 55, ಓಡಾಟ, ದುರಸ್ತಿ ಮತ್ತು ಯಂತ್ರದ ಕಂತಿಗೆ 20 ಹೋಗುತ್ತದೆ ಎಂದುಕೊಳ್ಳೋಣ. ಕಮಿಷನ್ 15 ಇದ್ದರೆ ನಡೆಸುವವನಿಗೆ 10 ಉಳಿಯುತ್ತದೆ. ಅದನ್ನು 25ಕ್ಕೆ ಏರಿಸಿದರೆ ಏನೂ ಉಳಿಯುವುದಿಲ್ಲ. ಆಗ ಅವನು ಬೆಲೆ ಏರಿಸಬೇಕು, ಇಲ್ಲವೇ ಭೇಟಿಗಳನ್ನು ಕಡಿಮೆ ಮಾಡಬೇಕು. ಎರಡರಿಂದಲೂ ಮಾರಾಟ ಕುಗ್ಗುತ್ತದೆ, ಕುಗ್ಗಿದ ಮಾರಾಟದ 25 ಪಾಲು ಕೆಲವೊಮ್ಮೆ ಮೊದಲಿನ 15 ಪಾಲಿಗಿಂತಲೂ ಕಡಿಮೆಯಾಗುತ್ತದೆ. ಹೀಗೆ ಹೆಚ್ಚಿನ ಕಮಿಷನ್ನಿಗೆ ನನ್ನ ಕೈತಪ್ಪಿದ ಜಾಗವೊಂದರಲ್ಲಿ ಕೆಲವೇ ತಿಂಗಳಲ್ಲಿ ಅರ್ಧ ಖಾಲಿ ಯಂತ್ರವೊಂದು ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿಕೊಂಡು ನಿಂತಿದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. ರಾತ್ರಿ ಪಾಳಿಯವರಿಗೆ ಅಲ್ಲಿ ಬೇರೆ ಗತಿಯೇ ಇರಲಿಲ್ಲ.

ಜಾಗ ಕೊಡುವವರಲ್ಲಿ ನನ್ನ ವಿನಂತಿಯಿಷ್ಟೆ. ಕಮಿಷನ್ ಕೇಳುವುದು ಅವರ ಹಕ್ಕು, ಅದನ್ನು ಮಾರಾಟ ಏರಿದಂತೆ ಏರುವ ಹಂತಗಳಲ್ಲಿ ನಿಗದಿಪಡಿಸಲಿ. ವಾರಕ್ಕೆ ಎಷ್ಟು ಭೇಟಿ, ಕೆಟ್ಟರೆ ಎಷ್ಟು ಗಂಟೆಯೊಳಗೆ ದುರಸ್ತಿ, ಸಿಕ್ಕಿಕೊಂಡ ಹಣವನ್ನು ಯಾರು ಹೇಗೆ ಹಿಂದಿರುಗಿಸಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲಿ. ಮೊದಲ ಮೂರು ತಿಂಗಳನ್ನು ಪರೀಕ್ಷೆಯ ಅವಧಿಯೆಂದು ಇಟ್ಟುಕೊಂಡು, ಯಂತ್ರದಲ್ಲೇ ದಾಖಲಾಗುವ ಮಾರಾಟದ ಲೆಕ್ಕವನ್ನೂ ಗಿರಾಕಿಗಳ ದೂರುಗಳನ್ನೂ ಎದುರಿಗಿಟ್ಟು ಒಪ್ಪಂದ ಮುಂದುವರಿಸಬೇಕೇ ಬೇಡವೇ ಎಂದು ತೀರ್ಮಾನಿಸಲಿ. ಆ ಪರೀಕ್ಷೆಗೆ ನಮ್ಮಂಥ ಸಣ್ಣವರು ಸಿದ್ಧರಿದ್ದೇವೆ.

ಇತಿ,
ವೆಂಡಿಂಗ್ ಮಷಿನ್ ನಡೆಸುವ ಒಬ್ಬ ಸಣ್ಣ ಉದ್ಯಮಿ